ಉಂಡು ಬಾ

ಡಬ್ಬಿಯ ಮೇಲಿನ ಚಿತ್ರದಲ್ಲಿ ಈ ಬರ್ಗರ್ ಬೀದರ ಕೋಟೆಯ ಬುರುಜಿನಷ್ಟು ಎತ್ತರವಿತ್ತು, ಬಿಚ್ಚಿದರೆ ಯಾರೋ ಕೂತು ಎದ್ದುಹೋದ ದಿಂಬಿನ ಹಾಗಿದೆ, ಒಳಗೆ ತಣ್ಣಗಿನ ಆಲೂ ಬಿಲ್ಲೆ, ಒದ್ದೆ ಎಲೆಕೋಸು, ಸಿಹಿ ಸಾಸು — ಇಷ್ಟು ದೊಡ್ಡ ಸುಳ್ಳನ್ನು ನಾನೂ ಹೇಳಿಲ್ಲ, ನಾನು, ಎಕಂಬಾದ ಭಾಲಚಂದ್ರ, ಸುಳ್ಳಿನಲ್ಲಿ ಮೂರು ತಾಲೂಕಿಗೆ ನವಾಬ, ಅಷ್ಟೂರಿನಲ್ಲಿ ಕೂತಲ್ಲೇ ಇಡೀ ಟಗರು ತಿಂದು ಅದರ ಕೊಂಬಿನಿಂದಲೇ ಹಲ್ಲು ಚುಚ್ಚಿಕೊಂಡವನು, ಅಂಥವನ ಗಂಟಲಲ್ಲಿ ಎರಡನೇ ತುತ್ತು ನಿಂತುಬಿಟ್ಟಿದೆ, ತಾಟಿನ ಮೇಲೆ ನಿಂತ ಆ ರೊಟ್ಟಿಯ ಹಾಗೆ, ಬೇಡ, ಅದು ಬೇಡ, ರೈಲಿನ ಕಿಟಕಿಯಾಚೆ ಖಾನಾಪುರ ಹಿಂದೆ ಸರಿಯಿತು, ಇನ್ನು ಹಲಬರ್ಗಾ, ಆಮೇಲೆ ಭಾಲ್ಕಿ, ಅಕ್ಕನ ಮನೆ, ಅಷ್ಟರೊಳಗೆ ಇದನ್ನು ಮುಗಿಸಬೇಕು, ಅಕ್ಕನ ಅಪ್ಪಣೆ. ಮಾಯಾನ್ನ ನೋಡಲಿಕ್ಕ ಮತ್ತೊಬ್ಬರು ಬರ್ತಾರ, ಸ್ವಾದರಮಾವ ಇಲ್ದ ಮಾತುಕತಿ ಆಗಂಗಿಲ್ಲ, ಅದಕ್ಕ ಬಾ, ಆದ್ರ ಉಂಡು ಬಾ. ಮೂರು ವರ್ಷದ ಮೇಲೆ ಫೋನಿನಲ್ಲಿ ಜನಾಬಾಯಿ ಅಕ್ಕ ಆಡಿದ್ದು ಇಷ್ಟೇ, ಭಾಲ್ಯಾ ಅನ್ನಲಿಲ್ಲ, ಹ್ಯಾಂಗಿದ್ದಿ ಅನ್ನಲಿಲ್ಲ, ಉಂಡು ಬಾ — ನಮ್ಮ ಕಡೆ ವೈರಿಗೂ ಉಣ್ಣಲು ಬಾ ಅನ್ನುತ್ತಾರೆ.

ಒಂದು ಮಾತು, ಅಷ್ಟೇ ತಪ್ಪು, ಆವತ್ತು ಅಕ್ಕನ ಮಗಳು ಮಾಯಾಳನ್ನು ನೋಡಲು ಬಂದ ಔರಾದಿನ ಬೀಗರು ಅಕ್ಕನ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದರು, ಅಕ್ಕ ಬಿಸಿ ಜೋಳದ ರೊಟ್ಟಿ ಹಿಡಿದು ನನ್ನ ತಾಟಿಗೆ ಬಗ್ಗಿದಳು, ಅಷ್ಟು ಕಣ್ಣು ನನ್ನ ಬಾಯಿ ನೋಡುತ್ತಿದ್ದರೆ ನಾನು ಸುಮ್ಮನಿರುವ ಪ್ರಾಣಿಯೇ, ಸಂಭಾಳಿಸಿ ತಿನ್ರಿ ಬೀಗರ, ನಮ್ಮಕ್ಕನ ರೊಟ್ಟಿ ಅಂದ್ರ ಕಿಲ್ಲೇದ ಕಲ್ಲು, ತೋಪು ಹೊಡದ್ರೂ ಒಡ್ಯಂಗಿಲ್ಲ, ನಮ್ಮ ಕುರಿ ಸೈತ ಮೂಸಿ ಹೊಳ್ಳಿ ಹೋಗ್ತಾವ. ನಕ್ಕರು, ನೆತ್ತಿಗೇರುವ ಹಾಗೆ ನಕ್ಕರು, ಗೆದ್ದೆ ಅಂದುಕೊಂಡೆ, ವರನ ಅಜ್ಜಿ ಮಾತ್ರ ನಗಲಿಲ್ಲ, ಮುರಿದ ತುಂಡನ್ನು ಬಾಯಿಗಿಡದೆ ಕೆಳಗಿಟ್ಟಳು, ಒಡಹುಟ್ಟಿದಾವನೇ ಹಿಂಗಂದ ಮ್ಯಾಲೆ ಮಗಳ ಕೈ ಹ್ಯಾಂಗಿರಬೇಕವ್ವ. ವಾರದೊಳಗೆ ಒಲ್ಲೆವೆಂದು ಹೇಳಿ ಕಳಿಸಿದರು, ಮಾಯಾ ಅಡುಗೆಮನೆಯ ಬಾಗಿಲ ಹಿಂದೆ ಎಲ್ಲ ಕೇಳಿಸಿಕೊಂಡಿದ್ದಳಂತೆ. ಅರಿವೆಯಂಥ ಮೆತ್ತನೆಯ ರೊಟ್ಟಿ ಅದು, ಜನ್ಮದಲ್ಲಿ ಇದೊಂದು ಖರೆ, ಅವ್ವ ಸತ್ತ ಮೇಲೆ ಕುರಿಯ ಹಿಂದೆ ಅಲೆಯುತ್ತಿದ್ದ ನನ್ನ ಹೆಗಲಿಗೆ ಅಕ್ಕ ದಿನಾ ಕಟ್ಟುತ್ತಿದ್ದ ಗಂಟಿನೊಳಗೆ ಸಂಜೆಯತನಕ ಮೆತ್ತಗೇ ಇರುತ್ತಿತ್ತು, ಅದನ್ನು ಯಾರ ಮುಂದೆಯೂ ಹೇಳಲಿಲ್ಲ, ಯಾಕಂದರೆ ಅದರಲ್ಲಿ ನಗು ಇರಲಿಲ್ಲ. ಯಾಕೋ ಯಪ್ಪಾ, ಔಷಧ ನುಂಗಿದಂಗ ನುಂಗಲತ್ತಿ, ಒಗಿ ಅದನ್ನ, ಇದು ತಗೋ — ಎದುರು ಸೀಟಿನ ಮುದುಕಿ, ಮಡಚಿದ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಚಾಚಿದ ಕೈ ಗಾಡಿಯ ಜೊತೆ ಅಲುಗುತ್ತಿದೆ, ನನ್ನ ಕೈ ಏಳುತ್ತಿಲ್ಲ, ಹಲಬರ್ಗಾ ಯಾವಾಗ ಹೋಯಿತು, ಅಕ್ಕನ ಹೊಸ್ತಿಲಲ್ಲಿ ಉಂಡು ಬಂದೆ ಅಂದರೆ ಸುಳ್ಳು, ಉಂಡಿಲ್ಲ ಅಂದರೆ ಬೇಡಿದ ಹಾಗೆ, ಭಾಲ್ಕಿ ಬಂತ್ರಿ, ಇಳೀರಿ, ಯಾರೋ ಅಂದರು, ಮುದುಕಿ ಕೈ ಹಿಂದೆಳೆದಳೋ ಇಲ್ಲವೋ, ನನಗೆ ಕಾಣುವುದು ಇನ್ನೊಂದು ಕೈ, ಅಕ್ಕನದು, ನನ್ನ ತಾಟಿನಿಂದ ಒಂದು ಗೇಣು ಮೇಲೆ, ಅಷ್ಟು ನಗುವಿನ ನಡುವೆ, ಹಾಕಲಿಲ್ಲ, ಹಿಂದೆ ತೆಗೆಯಲೂ ಇಲ್ಲ, ಹಬೆಯಾಡುತ್ತಿದ್ದ ರೊಟ್ಟಿ, ನಿಂತೇ ಇದೆ —