ನಲವತ್ತನಾಲ್ಕರವರೆಗೆ

ಬಿಸಿಲು ನಲವತ್ತಾರು ಡಿಗ್ರಿ ಮುಟ್ಟಿದ ದಿನ ನಗರಸಭೆಯ ಧ್ವನಿವರ್ಧಕಗಳು ನಲವತ್ತನಾಲ್ಕು ಎಂದು ಹೇಳಿದವು. ಆ ಮಧ್ಯಾಹ್ನ ಸರಕು ಗೋದಾಮಿನ ಅಂಗಳದಲ್ಲಿ ಮೂಟೆ ಇಳಿಸುತ್ತಿದ್ದ ಹೆಂಗಸೊಬ್ಬಳು ಕುಸಿದು ಸತ್ತಳು. ಮರುದಿನವೂ ಧ್ವನಿವರ್ಧಕಗಳು ನಲವತ್ತನಾಲ್ಕು ಎಂದವು.

ಅದರ ಮರುದಿನ ಬಸ್ ನಿಲ್ದಾಣದ ತಗಡಿನ ಸೂರಿನ ಕೆಳಗೆ ನಿಂತು, ಹಿಂದೆ ರೇಡಿಯೋ ಕೆಲಸದಲ್ಲಿದ್ದ ಇನ್ನೊಬ್ಬ ಹೆಂಗಸು ಅದನ್ನು ಕೇಳಿಸಿಕೊಂಡಳು. "ಈಗಿನ ಉಷ್ಣಾಂಶ... ನಲವತ್ತನಾಲ್ಕು... ಡಿಗ್ರಿ." ತುಂಡು ತುಂಡಾಗಿ ಜೋಡಿಸಿದ ಮಾತು. ನಡುವೆ ಕೂದಲೆಳೆಯಷ್ಟು ಬಿಡುವು. ಆ ಬಿಡುವು ನಿಲ್ದಾಣದಲ್ಲಿದ್ದ ಬೇರೆ ಯಾರಿಗೂ ಕೇಳಿಸುವಂಥದ್ದಲ್ಲ. ಧ್ವನಿವರ್ಧಕದ ದನಿ ಅವಳದೇ.

ಪಕ್ಕದ ಕಲ್ಲುಬೆಂಚಿನ ಮೇಲೆ ಇಬ್ಬರು ಗಂಡಸರು ಕರವಸ್ತ್ರದಲ್ಲಿ ಗಾಳಿ ಹಾಕಿಕೊಳ್ಳುತ್ತ ಜಗಳಕ್ಕೆ ಬಿದ್ದಿದ್ದರು.

"ಕೇಳಿದ್ರಾ? ಮೊನ್ನೆನೂ ನಲವತ್ನಾಲ್ಕು, ನಿನ್ನೆನೂ ಅಷ್ಟೆ, ಇವತ್ತೂ ಅಷ್ಟೆ. ಎಲ್ಲಿ ಸ್ವಾಮಿ ಏರಿದ್ದು? ಟಿವಿಯೋರು ಬಾಯಿ ಬಡ್ಕೊಳ್ತಾರೆ, ಭೂಮಿ ಕಾದ ಹಂಚಾಯ್ತು ಅಂತ."

"ನನ್ನ ಬೆನ್ನನ್ನ ಕೇಳ್ರೀ, ಅದು ಹೇಳುತ್ತೆ ಎಷ್ಟು ಅಂತ."

"ನಿಮ್ಮ ಬೆನ್ನಿಗೇನು ಗೊತ್ತು ಪಾಪ! ಮುಂದೆ ಆ ಹೊಟ್ಟೆ ಹೊತ್ಕೊಂಡು ತಿರುಗಿ ಅದಕ್ಕೆ ಸುಸ್ತಾಗಿದೆ. ಏನಮ್ಮಾ, ನೀವೇ ಹೇಳಿ, ನಾವು ಚಿಕ್ಕವರಿದ್ದಾಗ ಇಂಥ ಬಿಸಿಲು ಇರ್ಲಿಲ್ವಾ?"

ಅವಳು ಬಾಯಿ ತೆರೆದು ಮುಚ್ಚಿದಳು. ಮಾತಾಡಿದರೆ ಜನ ಅವಳ ಮುಖ ನೋಡುವುದಿಲ್ಲ, ತಲೆಯೆತ್ತಿ ಧ್ವನಿವರ್ಧಕದ ಕಂಬದ ಕಡೆ ನೋಡುತ್ತಾರೆ. ಅಂಗಡಿಗಳಲ್ಲಿ ಎಷ್ಟೋ ಸಲ ಹಾಗಾಗಿದೆ. ಸೋಪು ಕೇಳಿದರೆ ಅಂಗಡಿಯವನು, "ಎಲ್ಲೋ ಕೇಳಿದ ದನಿ ಇದು," ಎನ್ನುತ್ತ ಚಿಲ್ಲರೆ ಕೊಡುತ್ತಾನೆ; ಎಲ್ಲಿ ಎಂದು ಹೊಳೆಯುವಷ್ಟರಲ್ಲಿ ಮುಂದಿನ ಗಿರಾಕಿ ಬಂದಿರುತ್ತಾನೆ. ಊರಿಗೆಲ್ಲ ಪರಿಚಯದ ದನಿ. ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ. ಕೆಲವು ದಿನ ಸಂಜೆ ಕುಕ್ಕರ್ ಕೂಗಿದಾಗ ಅವಳು, "ಬಂದೆ, ಬಂದೆ," ಎನ್ನುವುದೇ ಆ ದಿನದ ಮೊದಲ ಮಾತು.

ಇನ್ನೂ ರೇಡಿಯೋ ಕೆಲಸದಲ್ಲಿದ್ದಾಗ ನಗರಸಭೆಯವರು ಕರೆಸಿ ಅವಳಿಂದ ಸಂಖ್ಯೆಗಳನ್ನು ಓದಿಸಿದ್ದರು. ಒಂದೊಂದೇ ಸಂಖ್ಯೆ, ಬಿಡಿಬಿಡಿಯಾಗಿ, ಒಂದೇ ಏರಿಳಿತದಲ್ಲಿ. ಮಾಪಕ ತೋರಿಸಿದ್ದನ್ನು ಯಂತ್ರ ತಾನೇ ಹೆಕ್ಕಿ ಜೋಡಿಸಿ ಊರಿಗೆ ಕೇಳಿಸಬೇಕು. ನಲವತ್ತನಾಲ್ಕಕ್ಕೆ ಬಂದಾಗ ಆಗಿನ ಸ್ಟುಡಿಯೋ ನಿರ್ದೇಶಕರು ಗಾಜಿನಾಚೆಯಿಂದ ಕೈಯೆತ್ತಿ, "ಸಾಕಮ್ಮಾ, ಅದಕ್ಕಿಂತ ಮೇಲೆ ಹೋದ್ರೆ ಕೇಳೋಕೆ ಯಾರು ಉಳಿದಿರ್ತಾರೆ?" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಆಮೇಲೆ ಅದನ್ನು ಎಲ್ಲರೂ ಮರೆತರು. ಈಗ ಮಾಪಕ ನಲವತ್ತೈದು ತೋರಿಸಿದರೆ ಯಂತ್ರ ಹುಡುಕುತ್ತದೆ, ಸಿಗುವುದಿಲ್ಲ, ಕೆಳಗಿನ ಸಂಖ್ಯೆಯನ್ನು ಎತ್ತಿಕೊಳ್ಳುತ್ತದೆ. ನಲವತ್ತಾರಾದರೂ ಅದೇ. ಐವತ್ತಾದರೂ ಅದೇ.

ಗೋದಾಮಿನ ಹೆಂಗಸು ಸತ್ತ ದಿನ ಇದನ್ನು ಅವಳಿಗೆ ಫೋನಿನಲ್ಲಿ ಹೇಳಿದವನು ಸ್ಟುಡಿಯೋದ ಹಳೆಯ ಸೌಂಡಿನವನು. ಹೇಳಿ, "ನಾನು ಹೇಳ್ದೆ ಅನ್ಬೇಡಿ ಅಕ್ಕ," ಎಂದು ಇಟ್ಟುಬಿಟ್ಟಿದ್ದ. ಅವಳು ಕೂಡಲೇ ನಗರಸಭೆಗೆ ಫೋನ್ ಹಚ್ಚಿದ್ದಳು. "ನಿಮ್ಮ ಕರೆ ನಮಗೆ ಮುಖ್ಯ. ದಯವಿಟ್ಟು ಕಾಯಿರಿ," ಎಂದು ಆ ಕಡೆಯಿಂದ ಉತ್ತರ ಬಂತು. ಆ ದನಿಯೂ ಅವಳದೇ. ತನ್ನದೇ ವಿನಯವನ್ನು ಎಷ್ಟು ಹೊತ್ತು ಕೇಳುವುದು? ಮರುದಿನ ಖುದ್ದಾಗಿ ಹೋಗಿ ಹೇಳಿಬಂದಿದ್ದಳು. ಕಿಟಕಿಯಾಚೆ ಕೂತಿದ್ದವಳು, "ಸರಿ ಆಂಟಿ, ಮೇಲಿನವರಿಗೆ ತಿಳಿಸ್ತೀನಿ," ಎಂದಿದ್ದಳು.

ನಲವತ್ತನಾಲ್ಕರ ಆಚೆಗೆ ಇದ್ದದ್ದು ಬರೀ ಸಂಖ್ಯೆಯಲ್ಲ. ಧ್ವನಿವರ್ಧಕ ನಲವತ್ತೈದು ಎಂದ ಕ್ಷಣ ಬಯಲಿನ ಕೆಲಸಗಳೆಲ್ಲ ನಿಲ್ಲಬೇಕು, ಕೂಲಿ ಮುರಿಯಕೂಡದು ಎಂದು ಊರಿನಲ್ಲಿ ನಿಯಮವಿತ್ತು. ಹಮಾಲಿಗಳು ಬೀದಿಗಿಳಿದು, ಏಟು ತಿಂದು, ಒಂದು ಬೇಸಿಗೆಯಿಡೀ ಕೂಗಿ ಪಡೆದ ನಿಯಮ. ನಿಯಮವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅದು ಗೋದಾಮಿನ ಗೋಡೆಯ ಮೇಲೆ ಹಾಗೇ ಇತ್ತು.

ಆ ಸಂಜೆ ತಮ್ಮ ಬಂದ. ಅವನು ಅದೇ ಸರಕು ಗೋದಾಮಿನ ಮ್ಯಾನೇಜರು. ಅವನ ಮನೆಯ ಊಟದ ಮೇಜಿನಲ್ಲಿ ಬಿಸಿಲು ವರ್ಷವರ್ಷ ಏರುತ್ತಿದೆಯೋ ಇಲ್ಲವೋ ಎಂದು ಮಾತು ಬೆಳೆದು, "ನೀನು ನಿನ್ನ ವಿಜ್ಞಾನಿಗಳ ಮನೆಗೇ ಊಟಕ್ಕೆ ಹೋಗು," ಎಂದು ಅವನು ಹೇಳಿದಂದಿನಿಂದ ಈ ಕಡೆ ತಲೆ ಹಾಕಿರಲಿಲ್ಲ. ಅವಳಿಗೆ ಇರುವ ಒಬ್ಬನೇ ತಮ್ಮ. ಬಾಗಿಲು ತೆರೆದಾಗ ಕೈಯಲ್ಲಿ ಹಣ್ಣಿನ ಚೀಲ ಹಿಡಿದು ಆಸ್ಪತ್ರೆಗೆ ಬಂದವನ ಹಾಗೆ ನಿಂತಿದ್ದ.

"ಏನು ಅಕ್ಕಾ, ಇಳಿದು ಹೋಗಿದೀಯ. ಫ್ಯಾನ್ ಹಾಕ್ಕೊಳಲ್ವಾ?"

"ಕರೆಂಟ್ ಇಲ್ಲ ಕಣೋ. ಕೂತ್ಕೋ. ನೀರು ಕೊಡ್ತೀನಿ."

ಅವನು ನೀರು ಕುಡಿದ. ಅವಳು ಎರಡನೇ ಲೋಟ ತಂದಳು. ಆ ಮನೆಯಲ್ಲಿ ಇಬ್ಬರು ಕೂತದ್ದಕ್ಕೆ ಕುರ್ಚಿಗಳಿಗೂ ಆಶ್ಚರ್ಯವಾದ ಹಾಗೆ ಒಂದು ಕಿರುಗುಟ್ಟಿತು. ಅವನು ಊಟಕ್ಕಿರುತ್ತಾನೋ ಏನೋ ಎಂದು ಅವಳು ಮನಸ್ಸಿನಲ್ಲೇ ಅಕ್ಕಿ ಅಳೆದಳು.

"ನಾಳೆ ನಿನ್ನನ್ನ ಸ್ಟುಡಿಯೋಗೆ ಕರೀತಾರೆ. ಹೊಸದಾಗಿ ಏನೋ ಓದಿಸ್ಬೇಕಂತೆ. ಅವರು ಹೇಳಿದಷ್ಟು ಓದಿ ಬಾ. ಕೆದಕೋಕೆ ಹೋಗ್ಬೇಡ."

"ನಿನಗೆ ಹೇಗೆ ಗೊತ್ತಾಯ್ತು?"

"ಗೊತ್ತಾಯ್ತು." ಅವನು ಲೋಟದ ತಳ ನೋಡಿದ. "ವಿಚಾರಣೆ ಅಂತಿದಾರೆ ಅಕ್ಕ. ನಾನೇನು ಬಿಸಿಲು ಮಾಡಿದ್ನಾ? ಆ ಹೆಂಗಸು ಬೆಳಿಗ್ಗೆ ಏನೂ ತಿಂದಿರ್ಲಿಲ್ಲವಂತೆ. ಇನ್ನು ಈ ಹವಾಮಾನ ಬದಲಾವಣೆ ಗುಂಪಿನವರು ಬೋರ್ಡು ಹಿಡ್ಕೊಂಡು ಗೇಟಲ್ಲಿ ಕೂತಿದಾರೆ. ಹೆಣ ಸಿಕ್ಕಿದ್ರೆ ಸಾಕು ಅವರಿಗೆ."

"ಅವಳು ನಿನ್ನ ಹತ್ರ ಏನಾದ್ರೂ ಕೇಳಿದ್ಲಾ?"

ಅವನು ಲೋಟವನ್ನು ಮೇಜಿನ ಮೇಲಿಟ್ಟ.

"ಕೇಳಿದ್ಲು. ಯಾಕೋ ಕಣ್ಣು ಕತ್ತಲೆ ಬರ್ತಾ ಇದೆ ಅಣ್ಣಾ, ಕೆಲಸ ನಿಲ್ಲಿಸ್ಬಾರ್ದಾ ಅಂದ್ಲು. ಅದೇ ಹೊತ್ತಿಗೆ ಸ್ಪೀಕರ್ ಕೂಗ್ತು. ನಾನು ಬೆರಳು ತೋರಿಸಿ ಅಂದೆ, ಕೇಳಿಸ್ಕೋ, ನಲವತ್ನಾಲ್ಕು ಅಂತಿದಾರೆ. ಇನ್ನೂ ಒಂದು ಇದೆ." ಅವನು ತಲೆಯೆತ್ತಿದ. "ನಿನ್ನ ದನಿ ಅಕ್ಕ. ನಿನ್ನ ದನಿ ಸುಳ್ಳು ಹೇಳುತ್ತೆ ಅಂತ ನಾನು ಹೇಗೆ ಅಂದ್ಕೊಳ್ಲಿ?"

ಆ ಹೆಂಗಸು ಇವಳ ದನಿಯನ್ನು ಕೇಳಿಸಿಕೊಂಡು, ನಂಬಿ, ಬಗ್ಗಿ ಮುಂದಿನ ಮೂಟೆಗೆ ಹೆಗಲು ಕೊಟ್ಟಿದ್ದಳು.

"ಊಟ ಮಾಡ್ಕೊಂಡು ಹೋಗು," ಎಂದಳು ಅವಳು.

"ಇಲ್ಲ, ಕಾಯ್ತಿರ್ತಾರೆ. ನಾಳೆ ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ಆಮೇಲೆ ನಮ್ಮ ಮನೆಗೇ ಊಟಕ್ಕೆ ಬಾ. ಹಳೇದೆಲ್ಲ ಬಿಟ್ಟುಬಿಡೋಣ."

ಮರುದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ನಗರಸಭೆಯ ಪ್ರಚಾರಾಧಿಕಾರಿ ಎದ್ದು ನಿಂತು ಅವಳನ್ನು ಬರಮಾಡಿಕೊಂಡ. ಚಿಕ್ಕ ವಯಸ್ಸು, ಇಸ್ತ್ರಿ ಮುರಿಯದ ಅಂಗಿ, ನೊಂದವರೊಡನೆ ಮಾತಾಡುವ ತಗ್ಗಿದ ದನಿ.

"ನಮ್ಮಮ್ಮ ನಿಮ್ಮ ದನಿ ಕೇಳ್ಕೊಂಡೇ ಅಡುಗೆ ಮಾಡ್ತಿದ್ರು ಮೇಡಂ. ಎರಡೇ ಸಾಲು. ಐದು ನಿಮಿಷದ ಕೆಲಸ."

ಹಾಳೆ ಕೊಟ್ಟ. ಅವಳು ಕನ್ನಡಕ ಹಾಕಿಕೊಂಡು ಓದಿದಳು. 'ಇಂದು ಬಿಸಿಲು ಈ ಋತುವಿಗೆ ಸಹಜವಾದ ಮಟ್ಟದಲ್ಲಿದೆ. ವದಂತಿಗಳಿಗೆ ಕಿವಿಗೊಡದೆ ನಿಮ್ಮ ಕೆಲಸಗಳಲ್ಲಿ ತೊಡಗಿಕೊಳ್ಳಿ.'

"ಸಂಖ್ಯೆ ಎಲ್ಲಿ?"

"ಇನ್ಮೇಲೆ ಸಂಖ್ಯೆ ಇರಲ್ಲ ಮೇಡಂ. ಸಂಖ್ಯೆಯಿಂದಾನೇ ಗಲಾಟೆ. ಹೆಚ್ಚು ಹೇಳಿದ್ರೆ ಹೆದರಿಸ್ತೀರಿ ಅಂತಾರೆ, ಕಡಿಮೆ ಹೇಳಿದ್ರೆ ಮುಚ್ಚಿಡ್ತೀರಿ ಅಂತಾರೆ. ಸಭೆಯಲ್ಲಿ ಕುರ್ಚಿ ಎಸೆದಾಡಿದ್ರು, ಗೊತ್ತಲ್ಲ? ಎರಡೂ ಕಡೆಯವರಿಗೆ ನೋವಾಗದ ಹಾಗೆ ಒಂದು ಮಾತು ಬೇಕಾಗಿತ್ತು."

"ನಲವತ್ತೈದರಿಂದ ಮೇಲಿನದನ್ನ ಓದಿಕೊಡ್ತೀನಿ. ಎಷ್ಟು ಬೇಕಾದ್ರೂ ಓದ್ತೀನಿ. ಅದನ್ನ ಹಾಕಿ."

ಅಧಿಕಾರಿ ಮಗುವಿಗೆ ತಿಳಿಹೇಳುವವನಂತೆ ನಕ್ಕ. "ನಲವತ್ತೈದು ಅಂತ ಓದಿಸಿ ಇಟ್ಕೊಂಡ್ರೆ ಅದು ಬರುತ್ತೆ ಅಂತ ನಾವೇ ಒಪ್ಪಿದ ಹಾಗಾಗುತ್ತೆ ಮೇಡಂ."

"ಬಂದು ಹೋಯ್ತಲ್ಲಪ್ಪಾ."

"ಅದು ಇನ್ನೂ ಚರ್ಚೆಯಲ್ಲಿದೆ."

ತಮ್ಮ ಗೋಡೆಗೊರಗಿ ನಿಂತು ಕಾರಿನ ಕೀಲಿಕೈಯನ್ನು ಬೆರಳಿಗೆ ಸುತ್ತಿಸುತ್ತಿದ್ದ. ಸೌಂಡಿನವನು ಯಾರ ಮುಖವನ್ನೂ ನೋಡದೆ ಗುಂಡಿಗಳ ಧೂಳು ಒರೆಸುತ್ತಿದ್ದ.

ಅವಳನ್ನು ಒಳಗೆ ಕೂರಿಸಿದರು. ದಪ್ಪ ಬಾಗಿಲು ಮುಚ್ಚಿತು. ಎ.ಸಿ.ಯ ಸದ್ದು ಮೈಕಿಗೆ ಸಿಗುತ್ತದೆಂದು ಧ್ವನಿಮುದ್ರಣದ ಹೊತ್ತಿಗೆ ಅದನ್ನು ಆರಿಸುವುದು ಅಲ್ಲಿನ ಪದ್ಧತಿ, ಆರಿಸಿದರು. ಕಿಟಕಿಯಿಲ್ಲದ ಕೋಣೆ ನೋಡನೋಡುತ್ತ ಬಿಸಿಯೇರಿತು. ಕುತ್ತಿಗೆಯಿಂದ ಬೆವರು ಇಳಿದು ರವಿಕೆಯೊಳಗೆ ಹರಿಯಿತು. ಅವಳು ಹೆಡ್‌ಫೋನ್ ಹಾಕಿಕೊಂಡಳು. ಕೆಂಪು ದೀಪ ಹತ್ತಿತು.

ಹಾಳೆಯ ಮೊದಲ ಅಕ್ಷರ ಅವಳ ನಾಲಿಗೆಯ ತುದಿಯವರೆಗೆ ಬಂತು. ಇಷ್ಟು ವರ್ಷದ ರೂಢಿ. ಕೆಂಪು ದೀಪ ಕಂಡರೆ ಬಾಯಿ ತಾನೇ ತೆರೆಯುತ್ತದೆ. ಅವಳು ತುಟಿಗಳನ್ನು ಬಿಗಿದಳು.

"ಓದಿ ಮೇಡಂ," ಎಂದು ಕಿವಿಯಲ್ಲಿ ಅಧಿಕಾರಿ.

ಅವಳು ಓದಲಿಲ್ಲ.

"ಮೇಡಂ, ನಿಮ್ಮ ದನಿ ನಮ್ಮ ಹತ್ರ ಗಂಟೆಗಟ್ಟಲೆ ಇದೆ. ಈಗ ಕಂಪ್ಯೂಟರಿಗೆ ಕೊಟ್ರೆ ಅದೇ ದನಿಯಲ್ಲಿ ಏನು ಬೇಕಾದ್ರೂ ಹೇಳುತ್ತೆ. ನಿಮ್ಮ ಮೇಲಿನ ಗೌರವಕ್ಕೆ ಕರೆಸಿದ್ದು."

"ಹಾಗಾದ್ರೆ ಅದಕ್ಕೇ ಹೇಳಿಸ್ಕೊಳ್ಳಿ," ಎಂದಳು ಅವಳು. "ನಾನು ಹೇಳಲ್ಲ."

ಗಾಜಿನಾಚೆ ಗುಸುಗುಸು. ಅಧಿಕಾರಿ ಎದ್ದು ಕುರ್ಚಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ. ತಮ್ಮ ಮೈಕಿನತ್ತ ಬಗ್ಗಿದ. ಕಿವಿಯೊಳಗೆ ಅವನ ಉಸಿರು, ಆಮೇಲೆ ದನಿ. ಚಿಕ್ಕಂದಿನಲ್ಲಿ ರಾತ್ರಿ ನೀರು ಬೇಕಾದಾಗ ಅವಳನ್ನು ಎಬ್ಬಿಸುತ್ತಿದ್ದ ಅದೇ ದನಿ.

"ಅಕ್ಕಾ, ಎರಡೇ ಸಾಲು. ನನಗೋಸ್ಕರ ಓದು. ಮನೆಯಲ್ಲಿ ಎಲ್ಲಾ ಕಾಯ್ತಿದಾರೆ. ಓದಕ್ಕಾ."

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಕೋಣೆ ನಿಶ್ಶಬ್ದವಾಯಿತು. ಗಾಜಿನಾಚೆ ತಮ್ಮನ ಬಾಯಿ ತೆರೆದು ಮುಚ್ಚುತ್ತಲೇ ಇತ್ತು. ಒಂದು ಸಲ ಅಂಗೈಯಿಂದ ಗಾಜನ್ನು ತಟ್ಟಿದ, ಅದೂ ಕೇಳಿಸಲಿಲ್ಲ. ಕೆಂಪು ದೀಪ ಉರಿಯುತ್ತಿತ್ತು. ಅವಳು ಅವನನ್ನೇ ನೋಡುತ್ತ, ಬೆವರನ್ನೂ ಒರೆಸಿಕೊಳ್ಳದೆ, ಇಲ್ಲವೆಂದು ತಲೆಯಾಡಿಸಿದಳು.