ಪೆಟ್ರೋಲ್ ಇಳಿಯದ ಬೈಕು

ಶ್ರೀನಾಥನ ಹೆಣ ಇನ್ನೂ ಜಗುಲಿಯ ಮೇಲಿತ್ತು. ಅಂಗಳದಲ್ಲಿ ಅವನ ತಮ್ಮ ಶಿವ ಕುಕ್ಕರುಗಾಲಲ್ಲಿ ಕೂತು ಅಣ್ಣನ ಬೈಕಿನ ಪೆಟ್ರೋಲ್ ಪೈಪು ಕಿತ್ತೆಳೆಯುತ್ತಿದ್ದ. ಕುಮಟಾದಿಂದ ಅಕ್ಕ ಬರುವವರೆಗೆ ಹೆಣ ಎತ್ತುವಂತಿರಲಿಲ್ಲ. ಅಷ್ಟರೊಳಗೆ ಕಳ್ಳನನ್ನು ಹಿಡಿದೇ ತೀರಬೇಕೆಂದು ಅವನ ಹಟ.

ಕಳ್ಳ ಎಂದರೆ ಈ ಬೈಕು ರಿಪೇರಿ ಮಾಡಿದ ಮೆಕ್ಯಾನಿಕ್ ರವೀಂದ್ರ. ಹೊನ್ನಾವರದಿಂದ ಹಾರ ತಂದು ಹಾಕಿ, ಬಾವಿಯ ಹತ್ತಿರ ಒಬ್ಬನೇ ನಿಂತಿದ್ದ. ಗಂಡನ ಮುಖ ನೋಡಬೇಕಾದ ಹೊತ್ತಿನಲ್ಲಿ ಇವನ ಮುಖ ನೋಡುತ್ತಿದ್ದೇನಲ್ಲ ಎಂದು ಹೆಣದ ಪಕ್ಕ ಕೂತಿದ್ದ ಹೆಂಡತಿ ಕುಸುಮಾಳಿಗೆ ತನ್ನ ಮೇಲೇ ಸಿಟ್ಟು ಬಂತು. ಆದರೂ ಕಣ್ಣು ಅಲ್ಲಿಂದ ಕದಲಲಿಲ್ಲ. ನಿನ್ನೆ ಗುಡ್ಡದ ಏರಿನಲ್ಲಿ ಬೈಕು ನಿಂತಿತ್ತು. ನೂಕಿಕೊಂಡು ಹೊರಟ ಶ್ರೀನಾಥ ಅರ್ಧ ಏರಿಗೆ ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಎಲ್ಲ ಹೊಸತು ಹಾಕಿಸಿದ ಬೈಕು ನಿಂತದ್ದಾದರೂ ಯಾಕೆ?

*

ಹೈಸ್ಕೂಲಿನ ಗುಮಾಸ್ತಿಕೆ ಮುಗಿಯುವವರೆಗೂ ಬಸ್ಸಿನಲ್ಲಿ ನೇತಾಡಿದವನು ಶ್ರೀನಾಥ. ನಿವೃತ್ತನಾದ ಮೇಲೆ, ಕೊಟ್ಟಿಗೆಯಲ್ಲಿ ಬಿದ್ದಿದ್ದ ಅಪ್ಪನ ಕಾಲದ ಬೈಕನ್ನು ಹೊರಗೆಳೆದ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಯಾಣಕ್ಕೆ ಹೋಗಬೇಕು, ಅಷ್ಟೇ ಆಸೆ. ರವೀಂದ್ರ ಟ್ಯಾಂಕಿನ ತುಕ್ಕು ತೊಳೆದ. ಪೈಪು, ಪೆಟ್ರೋಲ್ ಬಿಡುವ ನಲ್ಲಿಯಂಥ ಕಾಕು, ಫಿಲ್ಟರು, ಕಾರ್ಬುರೇಟರಿನ ಒಳಸಾಮಾನು ಬದಲಿಸಿದ. ಕೆಲಸಕ್ಕೆ ಸಾಕ್ಷಿಯಾಗಿ ಹಳೇ ಸಾಮಾನನ್ನು ಮನೆಗೇ ತಂದುಕೊಡುವುದು ಅವನ ರೂಢಿ. ಯಾರ ಬೈಕಿನ ಗುಜರಿಯೋ ಏನೋ ಎಂದು ಕುಸುಮಾ ಆಗಲೇ ಮೂಗು ಮುರಿದಿದ್ದಳು.

ಟ್ಯಾಂಕಿಗೆ ನೀರು ಬೀಳದ ಹಾಗೆ ನೋಡಿಕೊಳ್ಳಿ ಎಂದು ಅವನು ಹೇಳಿಹೋಗಿದ್ದ. ಮೊನ್ನೆ ಸಂಜೆ ಮೋಡ ಕಟ್ಟಿದಾಗ ಗಂಡ ಪೇಟೆಯಲ್ಲಿದ್ದ. ಬೈಕು ಟ್ಯಾಂಕು ತುಂಬಿಸಿಕೊಂಡು ಅಂಗಳದಲ್ಲಿತ್ತು. ಆ ಹಳೇ ಮುಚ್ಚಳವನ್ನು ನಂಬದೆ ಕುಸುಮಾ ಹಾಲಿನ ಪ್ಯಾಕೆಟ್ ಕತ್ತರಿಸಿ, ಉಪ್ಪಿನಕಾಯಿ ಭರಣಿಗೆ ಮಾಡುವಂತೆ ಟ್ಯಾಂಕಿನ ಬಾಯಿಗೆ ಹೊದಿಸಿ, ಮೇಲೆ ಮುಚ್ಚಳ ಬಿಗಿದಳು. ಇನ್ನು ಒಂದು ಹನಿಯೂ ಇಳಿಯುವುದಿಲ್ಲವೆಂದು ಸಮಾಧಾನದಿಂದ ಒಳಗೆ ಹೋದಳು.

*

ಪೈಪು ಕಳಚಿ ಬಂತು. ನಾಲ್ಕು ಹನಿ ಬಿದ್ದು ನಿಂತಿತು.

"ನೋಡಿ ಅತ್ತಿಗೆ, ಟ್ಯಾಂಕ್ ತುಂಬ ಉಂಟು, ಇಳೀತಿಲ್ಲ," ಎಂದ ಶಿವ. "ಹಳೇ ಕಾಕೇ ತುರುಕಿದ್ದಾನೆ ಇವ."

ನೆರೆದವರೆಲ್ಲ ಬಾವಿಯ ಕಡೆ ತಿರುಗಿದರು. ರವೀಂದ್ರ ಬಂದು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಹಿಸ್ಸೆಂದು ಗಾಳಿ ಒಳನುಗ್ಗಿತು, ಕೆಳಗೆ ಪೆಟ್ರೋಲ್ ಧಾರೆಯಾಗಿ ಸುರಿಯತೊಡಗಿತು.

"ಮುಚ್ಚಳಕ್ಕೆ ಸಣ್ಣ ತೂತು ಇರ್ತದೆ. ಅದ್ರಲ್ಲಿ ಗಾಳಿ ಹೋದ್ರೇ ಪೆಟ್ರೋಲ್ ಇಳಿಯೂದು," ಎಂದವನು ಮುಚ್ಚಳದ ಒಳಗೆ ನೋಡಿದ. ಎಂತದೋ ಎಳೆದು ಮುಷ್ಟಿಯಲ್ಲಿ ಹಿಡಿದುಕೊಂಡ. ಒಮ್ಮೆ ಕುಸುಮಾಳ ಕಡೆ ನೋಡಿದ.

"ಎಂತ ಇತ್ತು?" ಎಂದ ಶಿವ.

"ಎಂತ ಇಲ್ಲ. ತೂತು ತುಕ್ಕು ಹಿಡ್ದಿತ್ತು. ಮುಚ್ಚಳನೂ ಹೊಸದು ಹಾಕ್ಬೇಕಾಗಿತ್ತು. ತಪ್ಪು ನಂದೇ."

ಶಿವ ಅವನ ಕೊರಳಪಟ್ಟಿಗೆ ಕೈಹಾಕಿದ. ರವೀಂದ್ರ ಬಿಡಿಸಿಕೊಳ್ಳಲಿಲ್ಲ. ಬಿಗಿದ ಮುಷ್ಟಿಯ ಸಂದಿಯಲ್ಲಿ ಹಾಲಿನ ಪ್ಯಾಕೆಟ್ಟಿನ ನೀಲಿ ಅಂಚು ಇಣುಕುವುದು ಕುಸುಮಾಳ ಕಣ್ಣಿಗೆ ಬಿತ್ತು.

ಅವಳು ಜಗುಲಿ ಇಳಿದು ಬಂದಳು. ಮೈದುನನ ಕೈ ಬಿಡಿಸಿ, ರವೀಂದ್ರನ ಮುಂದೆ ಅಂಗೈ ಚಾಚಿದಳು.

"ಕೊಡು."

ಅವನು ಮುಷ್ಟಿ ಬಿಚ್ಚಲಿಲ್ಲ. ಪೆಟ್ರೋಲ್ ಹರಿದುಬಂದು ಅವಳ ಕಾಲು ತೋಯಿಸಿತು. ಚಾಚಿದ ಕೈಯನ್ನು ಅವಳು ಹಿಂದೆ ತೆಗೆಯಲಿಲ್ಲ.