ದಿಲಾವರನ ಪಾಳಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗದಗಿನ ಒಂದು ಪ್ರೆಸ್ಸಿನಲ್ಲಿ ಹದಿನೈದು ವರ್ಷದಿಂದ ಪ್ರೂಫ್ ನೋಡುತ್ತಿದ್ದೇನೆ. ಬೇರೆಯವರ ತಪ್ಪು ಹುಡುಕುವುದೇ ಹೊಟ್ಟೆಪಾಡಾದವಳು ಇನ್ನು ಹೇಗಿದ್ದಾಳು. ರವಿವಾರ ಮಧ್ಯಾಹ್ನ ಮೂರಕ್ಕೆ ಬೆಟಗೇರಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಫೋನು ಹಿಡಿದು ಕೂತಾಗ ಮಾತ್ರ ನಮ್ಮ ಸೀಮಾ ಮನುಷ್ಯರಂತೆ ಇರುತ್ತಾಳೆ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಾನೆ.

ಆ ಹೊತ್ತಿನಲ್ಲಿ ನಾವು ನಾಲ್ಕು ಊರಿನ ನಾಲ್ವರು ಕತೆ ಆಡುತ್ತೇವೆ. ನಾನು ಒಂದು ಜಾಗ ಕಟ್ಟಿ ಹೇಳುತ್ತೇನೆ, ಕಾಡೋ ಕೋಟೆಯೋ. ಉಳಿದ ಮೂವರು ಒಂದೊಂದು ಪಾತ್ರವಾಗಿ, ಅಲ್ಲಿ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂಬುದನ್ನು ಎರಡು ದಾಳ ತೀರ್ಮಾನಿಸುತ್ತವೆ. ವಿಡಿಯೋ ಹಚ್ಚಿದರೆ ಮುಂಡರಗಿಯ ನೆಟ್‌ವರ್ಕ್ ಕೈಕೊಡುತ್ತದೆ, ಹಾಗಾಗಿ ಬರೀ ದನಿ. ಒಬ್ಬರ ಮುಖ ಇನ್ನೊಬ್ಬರು ಕಂಡಿಲ್ಲ. ದಾಳವನ್ನು ಸ್ಟೀಲ್ ತಾಟಿನಲ್ಲಿ ಹಾಕಬೇಕು, ಸದ್ದು ಎಲ್ಲರಿಗೂ ಕೇಳಬೇಕು, ಹಾಕಿದವರು ಹೇಳಿದ ಅಂಕಿಯನ್ನು ನಂಬಬೇಕು. ನಮ್ಮ ಕಾಯಿದೆ ಇಷ್ಟೇ.

ಮುಂಡರಗಿಯ ಭೀಮೇಶ ಬಸ್ ಕಂಡಕ್ಟರ್, ಆಟದಲ್ಲಿ ವೈದ್ಯ. ಶಿರಹಟ್ಟಿಯ ಜಾವೀದ ದರ್ಜಿ, ಗದಗ ಜಿಲ್ಲೆಯಾದ ವರ್ಷವೇ ಹುಟ್ಟಿದವನು. ಆಟದಲ್ಲಿ ಕಳ್ಳ, ಬಾಯಿ ತೆರೆದರೆ ಕುಚೇಷ್ಟೆ. ಮೂರನೆಯವನು ಲಕ್ಷ್ಮೇಶ್ವರದ ಮೊಹಸಿನ. ಸುಟ್ಟ ಮೋಟರುಗಳಿಗೆ ತಂತಿ ಸುತ್ತುವುದು ಅವನ ಕೆಲಸ. ಆಟದಲ್ಲಿ ಅವನು ದಿಲಾವರ, ದೊಡ್ಡ ಕತ್ತಿ, ಅದಕ್ಕಿಂತ ದೊಡ್ಡ ಜಂಬ. ಎಂಥ ಕೆಟ್ಟ ಅಂಕಿ ಬಿದ್ದರೂ ನಗುತ್ತ ಖರೇ ಅಂಕಿಯನ್ನೇ ಹೇಳುತ್ತಿದ್ದ.

ಜೂನ್ ತಿಂಗಳಲ್ಲಿ ತಾಮ್ರದ ತಂತಿ ತರಲು ದಾವಣಗೆರೆಗೆ ಹೋದವನು ಲಾಡ್ಜಿನಲ್ಲಿ ಮಲಗಿದಲ್ಲೇ ತೀರಿಕೊಂಡ. ಬಾಗಿಲು ಒಳಗಿನಿಂದ ಹಾಕಿತ್ತು, ಮರುದಿನ ಒಡೆದು ನೋಡಿದರಂತೆ. ಹಾರ್ಟು ನಿಂತಿತ್ತು. ಮೂವತ್ತಾರು ವರ್ಷ.

ಆರು ರವಿವಾರ ನಾವು ಆಡಲಿಲ್ಲ. ಏಳನೆಯ ರವಿವಾರ ಮೊಹಸಿನನ ನಂಬರಿನಿಂದಲೇ ಕರೆ ಬಂತು.

“ನಾ ಮೊಹಸಿನನ ತಾಯಿ, ಗುಲಾಬಬಿ,” ಎಂದಿತು ಒಂದು ಮುದಿ ದನಿ. “ನನ್ನ ಸೊಸಿ ಸಬೀನಾ ಕೇಳಾಕತ್ತಾಳ, ದಿಲಾವರ ಎಲ್ಲಿ ಬಂದು ನಿಂತಾನ ಅಂತ. ಆಟ ಮುಗಸಬೇಕಂತಾಳ.”

ಸಬೀನಾ ಇದ್ದತ್‌ನಲ್ಲಿದ್ದಳು. ಗಂಡ ಹೋದ ಮೇಲೆ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ ದಿನಗಳವು. ಪರಗಂಡಸರ ಕಿವಿಗೆ ದನಿಯೂ ಬೀಳಬಾರದೆಂದು ಯಾವ ಕಿತಾಬಿನಲ್ಲಿದೆಯೋ ನನಗೆ ಗೊತ್ತಿಲ್ಲ, ಗುಲಾಬಬಿಯ ಮನೆಯ ರೀತಿ ಹಾಗಿತ್ತು. ಅದಕ್ಕೇ ಒಂದು ಏರ್ಪಾಡಾಯಿತು. ದಿಲಾವರ ಏನು ಮಾಡಬೇಕೆಂದು ಸಬೀನಾ ಅತ್ತೆಯ ಕಿವಿಯಲ್ಲಿ ಹೇಳುವುದು, ಅತ್ತೆ ನಮಗೆ ಹೇಳುವುದು.

ಅತ್ತೆ ಹೇಳುತ್ತಿದ್ದುದೇ ಬೇರೆ. ಪಿಸುಮಾತು ಉದ್ದಕ್ಕೆ ಕೇಳುತ್ತಿತ್ತು, ಉತ್ತರ ಮಾತ್ರ ಗಿಡ್ಡ.

ಲಕ್ಕುಂಡಿಯ ಬಾವಿಗಳನ್ನು ನೆನೆದು ನಾನೊಂದು ಮೆಟ್ಟಿಲ ಬಾವಿ ಕಟ್ಟಿದ್ದೆ. ಅದರ ತಳದಲ್ಲಿ ಕಲ್ಲಿನ ಬಾಗಿಲು, ಅದರಾಚೆ ಸೆರೆಯಾದ ಒಂದು ಊರಿನ ಜನ. ಯಾರಾದರೂ ಇಳಿದು ಬಾಗಿಲನ್ನು ಹೆಗಲಲ್ಲಿ ಎತ್ತಿ ಹಿಡಿದರೆ ಅವರು ಪಾರು. ಆ ಹೆಗಲು ಇದ್ದದ್ದು ದಿಲಾವರನೊಬ್ಬನಿಗೇ.

“ದಿಲಾವರ ಇಳಿಯಂಗಿಲ್ಲ,” ಎಂದರು ಗುಲಾಬಬಿ ಮೊದಲ ವಾರ. “ಅವ ಇನ್ನೂ ಉಂಡಿಲ್ಲ.”

ಉಣಿಸಿದೆವು. ಮುಂದಿನ ವಾರ ಅವನಿಗೆ ನೆಗಡಿ. ಅದರ ಮುಂದಿನ ವಾರ ಮೆಟ್ಟಿಲು ಜಾರುತ್ತವೆ.

“ಅಮ್ಮಾ, ಕೈ ಹಿಡದ ಇಳಸ್ತೀನ್ರಿ,” ಎಂದ ಜಾವೀದ.

“ನೀ ಕಳ್ಳ. ನಿನ್ನ ಕೈ ಯಾರು ನಂಬತಾರ,” ಎಂದರು.

ನಕ್ಕೆವು. ಐದನೆಯ ವಾರ ನನಗೆ ನಗು ಬರಲಿಲ್ಲ. “ಅಮ್ಮಾ, ಅವ ನಿಮ್ಮ ಮಗ ಅಲ್ರಿ,” ಎಂದುಬಿಟ್ಟೆ. “ಹಾಳ್ಯಾಗ ಬರದ ಒಂದ ಹೆಸರೈತಿ, ಅಷ್ಟ.”

ನಾಲಿಗೆ ಕಚ್ಚಿಕೊಂಡೆ, ಆದರೆ ಅಚ್ಚಾದ ತಪ್ಪನ್ನು ತಿದ್ದಲಿಕ್ಕಾಗುವುದಿಲ್ಲ.

“ಗೊತ್ತೈತಿ ಬೇಟಿ,” ಎಂದರು ಗುಲಾಬಬಿ. “ಆದ್ರ ಇವ, ನಾ ಹೋಗಬ್ಯಾಡ ಅಂದ್ರ ನಿಂದರ್ತಾನ. ಅವ ದಾವಣಗೇರಿಗೆ ಹೊಂಟಾಗ ನಾ ಏನೂ ಅನ್ಲಿಲ್ಲ. ಜಲ್ದಿ ಬಾ ಅಂದೆ, ಅಷ್ಟ.”

ಆ ವಾರವೆಲ್ಲ ನನಗೆ ನನ್ನ ಮೇಲೇ ಹೇಸಿಗೆ. ಇನ್ನು ಅವರು ಬರಲಾರರು ಎಂದುಕೊಂಡೆ. ರವಿವಾರ ಮೂರಕ್ಕೆ ಸರಿಯಾಗಿ ಬಂದರು.

“ಇಳೀತಾನ,” ಎಂದರು. “ವಾರಾತು, ನನ್ನ ಸೊಸಿ ನನ್ನ ಜೋಡಿ ಸರಿಯಾಗಿ ಮಾತಾಡವಲ್ಲಳು. ಇಳಸ್ರಿ.”

ಇಳಿಸಿದೆ. ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ, ಒಂದೊಂದೇ ಮೆಟ್ಟಿಲು. ಭೀಮೇಶನ ವೈದ್ಯ, ಜಾವೀದನ ಕಳ್ಳ ಇಬ್ಬರೂ ಹಿಂದೆಯೇ ಇಳಿದರು. ದಿಲಾವರ ಬಾಗಿಲಿಗೆ ಹೆಗಲು ಕೊಟ್ಟ, ಕಲ್ಲು ಮೇಲೆದ್ದಿತು, ಜನ ಹೊರಗೆ ಬರತೊಡಗಿದರು. ಕಡೆಯವರು ದಾಟುವಾಗ ಕಲ್ಲು ಕುಸಿಯಿತು.

“ಈಗ ದಾಳ ಹಾಕ್ರಿ ಅಮ್ಮಾ,” ಎಂದೆ. “ಏಳು ದಾಟಿದ್ರ ದಿಲಾವರನೂ ಪಾರು. ಇಲ್ಲಂದ್ರ ಜನ ಉಳೀತಾರ, ಅವ ಉಳಿಯಂಗಿಲ್ಲ.”

ತಾಟಿನಲ್ಲಿ ದಾಳ ಉರುಳಿ ನಿಂತ ಸದ್ದು ಕೇಳಿತು.

“ಒಂಬತ್ತು,” ಎಂದರು ಗುಲಾಬಬಿ.

“ಮೂರ್ರಿ,” ಎಂದಿತು ಇನ್ನೊಂದು ದನಿ.

ನಾವ್ಯಾರೂ ಎಂದೂ ಕೇಳಿರದ ದನಿ. ಸಣ್ಣದಿರುತ್ತದೆ ಎಂದುಕೊಂಡಿದ್ದೆ, ಇರಲಿಲ್ಲ.

“ಒಂದು, ಎರಡು. ಮೂರು ಬಿದ್ದೈತ್ರಿ,” ಎಂದಳು ಸಬೀನಾ. ಆಮೇಲೆ ಅತ್ತೆಗೆ ಹೇಳಿದಳು. ಅವರು ಮನೆಯಲ್ಲಿ ಆಡುವುದು ಉರ್ದು. ಇದನ್ನು ಕನ್ನಡದಲ್ಲೇ ಹೇಳಿದಳು, ನಮಗೂ ತಿಳಿಯಲಿ ಎಂದು. “ನಿಮ್ಮ ಮಗ ಈ ಆಟದಾಗ ಎಂದೂ ಸುಳ್ಳ ಅಂಕಿ ಹೇಳಿಲ್ಲ, ಅಮ್ಮೀ. ಇನ್ನ ಎಷ್ಟ ದಿನ ಅವರನ್ನ ನಿಂದ್ರಿಸಿ ಇಡೂದು. ಹೋಗ್ಲಿ ಬಿಡ್ರಿ.”

ಗುಲಾಬಬಿ ಅವಳನ್ನು ಗದರಲಿಲ್ಲ. ಭೀಮೇಶ, ಜಾವೀದ ಇಬ್ಬರೂ ನನ್ನ ಮಾತಿಗೆ ಕಾಯುತ್ತಿದ್ದರು. ಕಾಯಿದೆ ಮಾಡಿದವಳು ನಾನು. ಒಂಬತ್ತು ಎಂದುಬಿಡಲು ನನ್ನ ಬಾಯಿ ಹಾತೊರೆಯುತ್ತಿತ್ತು, ದೇವರಾಣೆ. ಮುದುಕಿಯ ಎದೆಯನ್ನು ಎರಡನೇ ಸಲ ಒಡೆಯಲು ನಾನ್ಯಾರು? ಆದರೆ ಸಬೀನಾ ತನ್ನ ಮನೆಯ ರೀತಿ ಮುರಿದು ಬಾಯಿ ತೆರೆದದ್ದು ಈ ಒಂದು ಅಂಕಿಗಾಗಿ. ಅದನ್ನು ನಾನು ಸುಳ್ಳು ಮಾಡಲಾರದೆ ಹೋದೆ.

“ಮೂರು,” ಎಂದೆ. “ಕಡೇ ಮನಷ್ಯಾ ದಾಟಿದ. ದಿಲಾವರನ ಹೆಗಲ ಸೋತ್ತು. ಮೆಟ್ಟಲ ಮ್ಯಾಲ ಕುಂತ, ಹಂಗ ಮಲಗಿದ.”

ಸಾವುಗಳನ್ನು ರಕ್ತ ಸುರಿಸಿ ಹೇಳುವುದರಲ್ಲಿ ನಾನು ಹೆಸರಾದವಳು. ಅಂದು ಇಷ್ಟೇ ಹೇಳಲಾಯಿತು.

ಆಮೇಲೆ ಗುಲಾಬಬಿ ಕೇಳಿದರು, “ಅವನ ಹತ್ರ ಯಾರಿದ್ರು?”

ಉತ್ತರ ನಾನು ಕೊಡುವಂಥದ್ದಾಗಿರಲಿಲ್ಲ, ಅವನ ಹಿಂದೆ ಇಳಿದವರದು.

“ನಾ ಇದ್ದೇನ್ರಿ ಅಮ್ಮಾ,” ಎಂದ ಭೀಮೇಶ. “ತಲಿ ನನ್ನ ತೊಡಿ ಮ್ಯಾಲ ಇಟ್ಕೊಂಡೇನಿ.”

“ನಾನೂ ಇದ್ದೇನ್ರಿ,” ಎಂದ ಜಾವೀದ. ಅವನ ದನಿಯಲ್ಲಿ ಕುಚೇಷ್ಟೆ ಇರಲಿಲ್ಲ. “ಕಿವ್ಯಾಗ ಕಲ್ಮಾ ಓದಾಕತ್ತೇನಿ.”

“ನೀರು?”

“ಬಾಯಾಗ ಬಿಟ್ಟೇನ್ರಿ,” ಎಂದ ಭೀಮೇಶ.

“ಕುಡದ್ನ?”

“ಕುಡದಾನ್ರಿ.”

“ಎಷ್ಟು ಕುಡದ?”

“ಬೊಗಸಿ ತುಂಬ, ಎರಡ ಸಲ,” ಎಂದ ಭೀಮೇಶ. “ಕಣ್ಣ ತಗದು ನಮ್ಮಿಬ್ಬರನ್ನೂ ನೋಡಿದ.”

“ಹಂಗಾರ ಆತು,” ಎಂದರು ಗುಲಾಬಬಿ.